ಜೀವವಿಜ್ಞಾನೋದ್ಯಮ ಮತ್ತು ಪ್ರಯೋಗಶಾಲೆಯ ಸ್ಥಳ

ಕಿರಣ್ ಮಜುಂದಾರ್ ಅವರು ೧೯೭೮ರಲ್ಲಿ ಬೆಂಗಳೂರಿನ ಮೋಟಾರು ಗ್ಯಾರೇಜೊಂದರಲ್ಲಿ ಬಯೋಕಾನ್ ಸಂಸ್ಥೆಯನ್ನು ಆರಂಭಿಸಿ, ಪರಂಗಿಕಾಯಿಯ ಹಾಲಿನಿಂದ ಪಪೇನ್ ಎಂಬ ಕಿಣ್ವವನ್ನು ತಯಾರಿಸಿದರು. ಇಂದಿನ ಜೀವವಿಜ್ಞಾನೋದ್ಯಮಕ್ಕೆ ಅಂತಹ ಸ್ಥಳ ಸಾಲದು. ಮಾರತ್ತಹಳ್ಳಿಯ ಹೊರವರ್ತುಲ ರಸ್ತೆಯಲ್ಲಿ ಕಚೇರಿ ಕಟ್ಟಡಗಳು ಹೇರಳವಾಗಿದ್ದರೂ ಅವು ಹಾಗೆಯೇ ಪ್ರಯೋಗಶಾಲೆಗಳಾಗಲಾರವು.

ಕಚೇರಿಯಲ್ಲಿ ತಂಪುಗೊಳಿಸಿದ ಗಾಳಿಯೇ ಬಹುಮಟ್ಟಿಗೆ ಮರಳಿ ಸುತ್ತುತ್ತದೆ. ವಿಷಕಾರಿ ರಾಸಾಯನಿಕಗಳಿರುವ ಪ್ರಯೋಗಶಾಲೆಯಲ್ಲಿ ಅದನ್ನು ಹೊರದೂಡಿ ಹೊಸ ಗಾಳಿಯನ್ನು ತರಬೇಕು. ಶೀತಕಯಂತ್ರಗಳಿಗೆ ವಿದ್ಯುತ್ತು ತಪ್ಪಿದರೆ ವರ್ಷಗಟ್ಟಲೆ ಸಂಗ್ರಹಿಸಿದ ಜೀವಕೋಶಗಳು ನಾಶವಾಗುತ್ತವೆ. ಕೊಳೆನೀರನ್ನು ಶುದ್ಧಗೊಳಿಸದೆ ಹೊರಬಿಡಕೂಡದು. ೨೦೧೫ರಲ್ಲಿ ನೆರೆಯ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿದುದನ್ನು ಕಂಡವರಿಗೆ ಇದರ ಕಾರಣವನ್ನು ವಿವರಿಸಬೇಕಾಗಿಲ್ಲ.

ಇಷ್ಟು ವೆಚ್ಚವನ್ನು ತರುಣ ಸಂಶೋಧಕರು ತಾವೇ ಭರಿಸಲಾರರು. ಎಲೆಕ್ಟ್ರಾನಿಕ್ಸ್ ಸಿಟಿಯ ಬೆಂಗಳೂರು ಬಯೋಇನ್ನೋವೇಶನ್ ಕೇಂದ್ರದಲ್ಲಿ ಹಲವು ಸಂಸ್ಥೆಗಳು ಉಪಕರಣಗಳನ್ನು ಹಂಚಿಕೊಳ್ಳುವುದು ಇದರಿಂದಲೇ. ಮಾರತ್ತಹಳ್ಳಿಯ ಕಟ್ಟಡಗಳನ್ನು ಪ್ರಯೋಗಕ್ಕೆ ಒಗ್ಗಿಸುವವರು ಮೊದಲು ಗಾಳಿ, ನೀರು, ವಿದ್ಯುತ್ತುಗಳ ಲೆಕ್ಕವನ್ನು ನೋಡುವುದು ಲೇಸು.