ಆಸ್ತಿ ಜಾಹೀರಾತಿನ ಕಥಾಫಲಕ

ಆಸ್ತಿ ಜಾಹೀರಾತಿನ ಕಥಾಫಲಕ ಎಂದರೆ ಮನೆ, ನಿವೇಶನ ಅಥವಾ ವಸತಿ ಸಮುಚ್ಚಯದ ಮಾರಾಟಕ್ಕಾಗಿ ತಯಾರಿಸುವ ವೀಡಿಯೊ ಜಾಹೀರಾತನ್ನು ಚಿತ್ರೀಕರಣಕ್ಕೆ ಮೊದಲೇ ದೃಶ್ಯಾನುಕ್ರಮವಾಗಿ ಚಿತ್ರಗಳಲ್ಲಿ ರೂಪಿಸಿಕೊಳ್ಳುವ ಯೋಜನೆ. ವೃತ್ತಿಯಲ್ಲಿರುವವರು ಇದನ್ನು ಸ್ಟೋರಿಬೋರ್ಡ್ ಎಂದೇ ಕರೆಯುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಈ ಚಿತ್ರಗಳನ್ನು ಕೈಯಿಂದ ಬರೆಯುವ ಬದಲು ಕೃತಕ ಬುದ್ಧಿಮತ್ತೆಯ ಸಾಧನಗಳಿಂದ ಬರೆಸುವ ಪದ್ಧತಿ ಹರಡಿದೆ. ಇದರಿಂದ ಸಮಯವೂ ವೆಚ್ಚವೂ ಉಳಿಯುತ್ತವೆ. ಆದರೆ ಇಲ್ಲದ ಸೌಕರ್ಯವನ್ನು ಇರುವಂತೆ ತೋರಿಸುವುದೂ ಅಷ್ಟೇ ಸುಲಭವಾಗಿದೆ.

ಹಿನ್ನೆಲೆ

ಇಂದಿನ ರೂಪದ ಕಥಾಫಲಕವು 1930ರ ದಶಕದ ಆರಂಭದಲ್ಲಿ ಅಮೆರಿಕದ ವಾಲ್ಟ್ ಡಿಸ್ನಿ ಸ್ಟುಡಿಯೋದಲ್ಲಿ ಬೆಳೆಯಿತು. ದೃಶ್ಯಗಳನ್ನು ಬಿಡಿ ಹಾಳೆಗಳ ಮೇಲೆ ಬರೆದು ಹಲಗೆಗೆ ಚುಚ್ಚುವ ಉಪಾಯವನ್ನು ಅಲ್ಲಿನ ವೆಬ್ ಸ್ಮಿತ್ ಎಂಬ ಕಲಾವಿದನ ಹೆಸರಿನೊಂದಿಗೆ ಜೋಡಿಸಲಾಗುತ್ತದೆ. ಹಾಳೆಗಳು ಬಿಡಿಯಾಗಿದ್ದುದೇ ಇದರ ಹೆಚ್ಚುಗಾರಿಕೆ. ಯಾವುದನ್ನು ಬೇಕಾದರೂ ತೆಗೆಯಬಹುದು, ಹಿಂದುಮುಂದು ಮಾಡಬಹುದು. ಭಾರತದಲ್ಲಿ ಈ ಕ್ರಮಕ್ಕೂ ಜಾಹೀರಾತಿಗೂ ಇರುವ ನಂಟಿಗೆ ಸತ್ಯಜಿತ್ ರಾಯ್ ಒಳ್ಳೆಯ ಉದಾಹರಣೆ. ಕಲ್ಕತ್ತೆಯ ಜಾಹೀರಾತು ಸಂಸ್ಥೆಯೊಂದರಲ್ಲಿ ಚಿತ್ರಕಾರರಾಗಿದ್ದ ಅವರು 1955ರಲ್ಲಿ ತೆರೆಕಂಡ 'ಪಥೇರ್ ಪಾಂಚಾಲಿ'ಯನ್ನು ಮಸಿಚಿತ್ರಗಳ ಮೂಲಕವೇ ಯೋಜಿಸಿದ್ದರು.

2022ರಲ್ಲಿ ಮಿಡ್‌ಜರ್ನಿ, ಸ್ಟೇಬಲ್ ಡಿಫ್ಯೂಷನ್ ಮೊದಲಾದ ಚಿತ್ರೋತ್ಪಾದಕ ಸಾಧನಗಳು ಸಾರ್ವಜನಿಕರಿಗೆ ದೊರೆತ ಮೇಲೆ ಚಿತ್ರಕಲೆಯ ಅಭ್ಯಾಸವಿಲ್ಲದವರಿಗೂ ಕಥಾಫಲಕ ಸಾಧ್ಯವಾಯಿತು. ಬೂರ್ಡ್ಸ್, ಎಲ್‌ಟಿಎಕ್ಸ್ ಸ್ಟುಡಿಯೋ ಮುಂತಾದವು ಇದೇ ಕೆಲಸಕ್ಕೆ ಮೀಸಲಾದವು. ಬರೆದುಕೊಟ್ಟ ಕಥನವನ್ನು ಷಾಟ್‌ಗಳಾಗಿ ಒಡೆದು, ಪ್ರತಿಯೊಂದಕ್ಕೂ ಒಂದು ಚಿತ್ರ ಒದಗಿಸುವುದು ಇಂಥ ಸಾಧನಗಳ ಸಾಮಾನ್ಯ ಕ್ರಮ.

ಯೋಜನೆಯ ಕ್ರಮ

ಕೆಲಸ ಆರಂಭವಾಗಬೇಕಾದದ್ದು ಯಂತ್ರದಿಂದಲ್ಲ, ಮನೆಯಿಂದ. ಅಳತೆ, ಬಾಗಿಲಿನ ದಿಕ್ಕು, ಕೋಣೆಗಳ ಜೋಡಣೆ, ನೀರಿನ ಮೂಲ, ರಸ್ತೆಯ ಅಗಲ, ಖಾತೆಯ ಸ್ಥಿತಿ ಇವನ್ನು ಮೊದಲು ಬರೆದಿಟ್ಟುಕೊಳ್ಳಬೇಕು. ಈ ಟಿಪ್ಪಣಿಯಲ್ಲಿ ಇಲ್ಲದ್ದು ಫಲಕದಲ್ಲಿ ಬರಕೂಡದು ಎಂಬ ನಿಯಮವೊಂದನ್ನು ಪಾಲಿಸಿದರೂ ಮುಂದಿನ ತೊಡಕುಗಳಲ್ಲಿ ಅರ್ಧ ತಪ್ಪುತ್ತವೆ.

ಉದಾಹರಣೆಗೆ, ಮೈಸೂರಿನಲ್ಲಿ 30×40 ಅಡಿ ನಿವೇಶನದಲ್ಲಿರುವ ಪೂರ್ವಾಭಿಮುಖ ಮನೆಯೊಂದಕ್ಕೆ 30 ಸೆಕೆಂಡುಗಳ ಜಾಹೀರಾತು ಬೇಕೆಂದುಕೊಳ್ಳೋಣ. ಬೀದಿ ಮತ್ತು ಮನೆಯ ಮುಂಭಾಗಕ್ಕೆ 4 ಸೆಕೆಂಡು, ಗೇಟಿನಿಂದ ಮುಂಬಾಗಿಲಿಗೆ 3, ನಡುಮನೆಗೆ 5, ಅಡುಗೆಮನೆ ಹಾಗೂ ಅದಕ್ಕೆ ಹೊಂದಿದ ಪಾತ್ರೆ ತೊಳೆಯುವ ಜಾಗಕ್ಕೆ 4, ಮಲಗುವ ಕೋಣೆಗಳಿಗೆ 5, ಮಹಡಿಯ ನೀರಿನ ಟ್ಯಾಂಕಿಗೆ 3, ಮುಂದಿನ ರಸ್ತೆಗೆ 2, ಬೆಲೆ ಮತ್ತು ದೂರವಾಣಿ ಸಂಖ್ಯೆಗೆ 4. ಒಟ್ಟು 30. ನೀರಿನ ಟ್ಯಾಂಕು ನೋಡಲು ಚೆನ್ನಾಗಿರುವುದಿಲ್ಲವೆಂದು ಅದನ್ನು ಕೈಬಿಡುವವರುಂಟು. ಆದರೆ ನೀರು ಎಲ್ಲಿಂದ, ವಾರಕ್ಕೆ ಎಷ್ಟು ದಿನ ಎಂದು ಕೊಳ್ಳುವವರು ಕೇಳದೆ ಬಿಡುವುದಿಲ್ಲ. ಮೂರು ಸೆಕೆಂಡಿನ ಆ ದೃಶ್ಯ ಅಲಂಕೃತ ಸೋಫಾಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಹೀಗೆ ಕಾಲವನ್ನು ಹಂಚಿಕೊಂಡ ಮೇಲೆ ಪ್ರತಿ ದೃಶ್ಯಕ್ಕೂ ಸೂಚನೆ ಬರೆಯಬೇಕು. ಕ್ಯಾಮೆರಾ ಎಲ್ಲಿ ನಿಂತಿದೆ, ಯಾವ ಎತ್ತರದಲ್ಲಿದೆ, ಬೆಳಕು ಎತ್ತಲಿಂದ ಬರುತ್ತಿದೆ ಎಂಬುದು ಅದರಲ್ಲಿರಬೇಕು. 'ಸುಂದರವಾದ ಮನೆ' ಎಂಬಂಥ ಮಾತಿನಿಂದ ಯಂತ್ರಕ್ಕೆ ಏನೂ ತಿಳಿಯದು. ಫೋನಿನಲ್ಲಿ ನೋಡುವವರಿಗಾಗಿ 9:16ರ ನೀಳ ಚೌಕಟ್ಟು, ಟಿ.ವಿ. ಹಾಗೂ ಯೂಟ್ಯೂಬಿಗೆ 16:9ರ ಅಗಲ ಚೌಕಟ್ಟು ಸಾಮಾನ್ಯ. ನೀಳ ಚೌಕಟ್ಟಿನಲ್ಲಿ ಕೋಣೆಯ ಎರಡು ಗೋಡೆಗಳು ಒಟ್ಟಿಗೆ ಹಿಡಿಯುವುದು ಕಷ್ಟವಾದ್ದರಿಂದ ಒಂದೇ ಫಲಕವನ್ನು ಎರಡಕ್ಕೂ ಕತ್ತರಿಸಿ ಬಳಸಲಾಗದು. ಎರಡು ಫಲಕಗಳೇ ಬೇಕು.

ಹಿನ್ನೆಲೆಯ ಮಾತನ್ನೂ ಫಲಕದ ಕೆಳಗೇ ಬರೆಯುತ್ತಾರೆ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯಗಳೂ ಸಂಧಿ ಸಮಾಸಗಳೂ ಸೇರಿ ಪದಗಳು ಉದ್ದವಾಗುವುದರಿಂದ, ಇಂಗ್ಲಿಷಿನ ಪದಸಂಖ್ಯೆಯನ್ನು ಆಧರಿಸಿ ಸಾಧನವು ಹೇಳುವ ಅವಧಿ ಕನ್ನಡಕ್ಕೆ ಹೊಂದುವುದಿಲ್ಲ. ಗಡಿಯಾರ ಹಿಡಿದು ಗಟ್ಟಿಯಾಗಿ ಓದಿ ನೋಡುವುದೇ ಸರಿಯಾದ ದಾರಿ.

ಸಾಧನಗಳ ಮಿತಿಗಳು

ಚಿತ್ರೋತ್ಪಾದಕ ಸಾಧನಗಳು ತಾವು ಕಲಿತ ಅಸಂಖ್ಯ ಚಿತ್ರಗಳ ಆಧಾರದ ಮೇಲೆ 'ಹೀಗಿರಬಹುದು' ಎಂಬುದನ್ನು ರಚಿಸುತ್ತವೆ. 'ಹೀಗಿದೆ' ಎಂಬುದು ಅವಕ್ಕೆ ಗೊತ್ತಿಲ್ಲ. ಆದ್ದರಿಂದ ಒಂದು ಚಿತ್ರದಲ್ಲಿ ಎರಡು ಕಿಟಕಿಗಳಿದ್ದ ಕೋಣೆಗೆ ಮುಂದಿನ ಚಿತ್ರದಲ್ಲಿ ಮೂರು ಕಿಟಕಿಗಳು ಬರುತ್ತವೆ. ನಡುಮನೆ ಕೇಳಿದರೆ ಬೆಂಕಿಗೂಡು, ಅಂಗಳ ಕೇಳಿದರೆ ವಿಶಾಲವಾದ ಹುಲ್ಲುಹಾಸು ಮೂಡುವುದುಂಟು. ದೇವರಮನೆ, ತುಳಸಿಕಟ್ಟೆ, ಕಿಟಕಿಯ ಸರಳು ಮುಂತಾದವನ್ನು ಬಿಡಿಸಿ ಹೇಳಬೇಕಾಗುತ್ತದೆ. ಚಿತ್ರದೊಳಗಿನ ಕನ್ನಡ ಬರಹ ಅನೇಕ ವೇಳೆ ಕೆಡುತ್ತದೆ, ಒತ್ತಕ್ಷರಗಳಲ್ಲಂತೂ ಹೆಚ್ಚು. ಅಕ್ಷರಗಳನ್ನು ಸಂಕಲನದ ಹಂತದಲ್ಲಿ ಪ್ರತ್ಯೇಕವಾಗಿ ಸೇರಿಸುವುದು ಮೇಲು.

ಬೆಳಕಿನ ತಪ್ಪು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಮೇಲಿನ ಉದಾಹರಣೆಯ ಪೂರ್ವಾಭಿಮುಖ ಮನೆಯ ಮುಂಭಾಗಕ್ಕೆ ನೇರ ಬಿಸಿಲು ಬೀಳುವುದು ಬೆಳಗ್ಗೆ ಮಾತ್ರ. ಸಾಧನವು ಅದೇ ಮುಂಭಾಗವನ್ನು ಸಂಜೆಯ ಹೊಂಬಿಸಿಲಿನಲ್ಲಿ ತೋರಿಸಿದರೆ ಅಂಥ ದೃಶ್ಯವನ್ನು ಯಾವ ಛಾಯಾಗ್ರಾಹಕನೂ ಸೆರೆಹಿಡಿಯಲಾರ. ಮನೆಯ ನಿಜವಾದ ಛಾಯಾಚಿತ್ರಗಳನ್ನೂ ನಕ್ಷೆಯನ್ನೂ ಆಧಾರವಾಗಿ ಕೊಟ್ಟು ಚಿತ್ರ ಬರೆಸಿದರೆ ಇಂಥ ದೋಷಗಳು ಕಡಿಮೆಯಾಗುತ್ತವೆ, ಪೂರ್ತಿ ಹೋಗುವುದಿಲ್ಲ.

ಕಾನೂನು

ಕಥಾಫಲಕವು ಒಳಗಿನ ಕಾಗದವಾಗಿರುವವರೆಗೆ ಅದರಲ್ಲಿನ ಕಲ್ಪನೆಯಿಂದ ಯಾರಿಗೂ ಹಾನಿಯಿಲ್ಲ. ಚಿತ್ರೀಕರಣದ ಖರ್ಚು ಉಳಿಸಲು ಆ ಚಿತ್ರಗಳನ್ನೇ ಚಲಿಸುವಂತೆ ಮಾಡಿ ಜಾಹೀರಾತಾಗಿ ಹೊರಬಿಟ್ಟಾಗ ಸ್ಥಿತಿ ಬದಲಾಗುತ್ತದೆ. ಜೀವಮಾನದ ಉಳಿತಾಯವನ್ನು ಹೂಡುವ ಕುಟುಂಬ ಆ ಕಿಟಕಿಯನ್ನೂ ಆ ಹುಲ್ಲುಹಾಸನ್ನೂ ನಂಬಿ ಮುಂಗಡ ಕೊಡುತ್ತದೆ.

2016ರ ಸ್ಥಿರಾಸ್ತಿ ನಿಯಂತ್ರಣ ಮತ್ತು ಅಭಿವೃದ್ಧಿ ಅಧಿನಿಯಮವು, ಅಂದರೆ ರೇರಾ, ಯಾವುದೇ ರೂಪದ ಪ್ರಚಾರವನ್ನು ಜಾಹೀರಾತೆಂದು ಪರಿಗಣಿಸುತ್ತದೆ. ವೀಡಿಯೊ ಇದಕ್ಕೆ ಹೊರತಲ್ಲ. ಅದರ 12ನೆಯ ಪ್ರಕರಣದಂತೆ ಜಾಹೀರಾತಿನ ಸುಳ್ಳು ವಿವರವನ್ನು ನಂಬಿ ಹಣ ಕೊಟ್ಟು ನಷ್ಟ ಹೊಂದಿದವರಿಗೆ ಪ್ರವರ್ತಕರು ಪರಿಹಾರ ನೀಡಬೇಕು. ಕೊಳ್ಳುವವರು ಯೋಜನೆಯಿಂದ ಹಿಂದೆ ಸರಿಯಲು ಬಯಸಿದರೆ ಕೊಟ್ಟ ಹಣವನ್ನು ಬಡ್ಡಿಸಹಿತ ಹಿಂದಿರುಗಿಸಬೇಕು. 11ನೆಯ ಪ್ರಕರಣದ ಪ್ರಕಾರ ನೋಂದಣಿ ಸಂಖ್ಯೆಯೂ ಪ್ರಾಧಿಕಾರದ ಜಾಲತಾಣದ ವಿಳಾಸವೂ ಜಾಹೀರಾತಿನಲ್ಲಿ ಇರಬೇಕು, ವಿಳಾಸವಂತೂ ಎದ್ದುಕಾಣುವಂತಿರಬೇಕು. ಕೊನೆಯಲ್ಲಿ ಒಂದು ಸೆಕೆಂಡು ಮಿನುಗಿ ಮಾಯವಾಗುವ ಸಣ್ಣ ಅಕ್ಷರಗಳನ್ನು ಎದ್ದುಕಾಣುವುದೆನ್ನಲಾಗದು. ಇದಕ್ಕೆ ಬೇಕಾದ ಕಾಲವನ್ನು ಫಲಕದಲ್ಲೇ ಕಾದಿರಿಸಬೇಕು. ವಿಸ್ತೀರ್ಣ ಹೇಳುವಾಗಲೂ ಎಚ್ಚರ ಬೇಕು. ಅಧಿನಿಯಮವು ವ್ಯಾಖ್ಯಾನಿಸಿರುವುದು ಹೊರಗೋಡೆ ಮತ್ತು ಬಾಲ್ಕನಿಗಳನ್ನು ಬಿಟ್ಟ ಕಾರ್ಪೆಟ್ ವಿಸ್ತೀರ್ಣವನ್ನು. 'ಸೂಪರ್ ಬಿಲ್ಟ್‌ಅಪ್' ಎಂಬುದು ವ್ಯಾಪಾರದ ರೂಢಿಯ ಮಾತು.

500 ಚದರ ಮೀಟರಿಗೆ ಮೀರದ ಜಾಗದ ಅಥವಾ ಎಂಟಕ್ಕೆ ಮೀರದ ಮನೆಗಳ ಯೋಜನೆಗಳಿಗೆ ರೇರಾ ನೋಂದಣಿ ಕಡ್ಡಾಯವಲ್ಲ. ಹಾಗೆಂದು ಹಳೆಯ ಮನೆಯನ್ನು ಮಾರುವ ವ್ಯಕ್ತಿ ಹೊಣೆಯಿಂದ ಪಾರಾದನೆಂದಲ್ಲ. ಸಾಮಾನ್ಯ ಎಚ್ಚರದಿಂದ ನೋಡಿದರೂ ಕೊಳ್ಳುವವನಿಗೆ ತಿಳಿಯದಂಥ, ತನಗೆ ಮಾತ್ರ ಗೊತ್ತಿರುವ ಮುಖ್ಯ ದೋಷಗಳನ್ನು ಮಾರುವವನು ತಿಳಿಸಬೇಕೆಂದು 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 55ನೆಯ ಪ್ರಕರಣ ವಿಧಿಸುತ್ತದೆ.