ಇಲ್ಲದ ವರ್ಗಮೂಲ

ಮಹಾರಾಷ್ಟ್ರದ ಜತ್ತ ತಾಲ್ಲೂಕಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳು ಓದುವುದು ಪುಣೆಯ ಬಾಲಭಾರತಿ ಕನ್ನಡದಲ್ಲೇ ಅಚ್ಚುಹಾಕಿಸುವ ಗಣಿತ ಪುಸ್ತಕ. ಹತ್ತನೆಯ ಇಯತ್ತೆಯ ವರ್ಗಸಮೀಕರಣದ ಪಾಠ ಅವರಿಗೆ ಹೇಳುತ್ತದೆ: ವರ್ಗಮೂಲದ ಚಿಹ್ನೆಯೊಳಗೆ ಋಣಸಂಖ್ಯೆ ಬಂದರೆ ವಾಸ್ತವ ಮೂಲಗಳಿಲ್ಲ.

ಕ್ರಿ.ಶ. 850ರ ಸುಮಾರಿಗೇ ಹೀಗೆ ಹೇಳಿದವನು ಮಹಾವೀರಾಚಾರ್ಯ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದವನು. ಆ ಅರಸನ ರಾಜಧಾನಿ ಮಾನ್ಯಖೇಟವೇ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಮಹಾವೀರಾಚಾರ್ಯನ ಸಂಸ್ಕೃತ ಗ್ರಂಥ ‘ಗಣಿತಸಾರಸಂಗ್ರಹ’ದ ವಾದ ಇದು: ಧನವನ್ನು ವರ್ಗ ಮಾಡಿದರೂ ಋಣವನ್ನು ವರ್ಗ ಮಾಡಿದರೂ ಬರುವುದು ಧನವೇ, ಋಣಸಂಖ್ಯೆ ಸ್ವರೂಪದಿಂದಲೇ ವರ್ಗವಲ್ಲ, ಹಾಗಾಗಿ ಅದಕ್ಕೆ ಮೂಲವಿಲ್ಲ. ತನಗೆ ಗೊತ್ತಿದ್ದ ಸಂಖ್ಯೆಗಳಲ್ಲಿ ಉತ್ತರ ಇರಲಾರದೆಂದು ಕಾರಣ ಕೊಟ್ಟು ಹೇಳಿದ್ದಾನೆ. ಇದನ್ನು ಸೋಲೆಂದು ನಾನು ಕರೆಯಲಾರೆ.

ಯಾವ ಸಂಖ್ಯೆಯ ಘನ ಅದರ 15 ಪಟ್ಟಿಗಿಂತ 4 ಹೆಚ್ಚು? ಉತ್ತರ 4. ಆದರೆ ಘನಸಮೀಕರಣದ ಸೂತ್ರ ಹಿಡಿದು ಹೊರಟರೆ ನಡುವೆ −121ರ ವರ್ಗಮೂಲ ಎದುರಾಗುತ್ತದೆ. 1572ರಲ್ಲಿ ಇಟಲಿಯ ಬೊಂಬೆಲ್ಲಿ ಹೆದರದೆ ಅದನ್ನು ಕೂಡಿಸಿ, ಗುಣಿಸಿ 4ಕ್ಕೆ ತಲುಪಿದ.

ಋಣಸಂಖ್ಯೆಯ ಮೂಲ ನಿಜವಾದ ಸಂಖ್ಯೆಯೇ ಎಂಬ ಅನುಮಾನ ಮಾತ್ರ ಉಳಿದೇ ಇತ್ತು. ಐರ್ಲೆಂಡಿನ ಹ್ಯಾಮಿಲ್ಟನ್ 1837ರಲ್ಲಿ ಪ್ರಕಟಿಸಿದ ಬರಹದಲ್ಲಿ ಸಂಖ್ಯೆಗಳ ಜೋಡಿಗಳನ್ನು ತೆಗೆದುಕೊಂಡು ಗುಣಾಕಾರಕ್ಕೊಂದು ನಿಯಮ ಕೊಟ್ಟ. ಮೊದಲ ಸ್ಥಾನಗಳ ಗುಣಲಬ್ಧದಿಂದ ಎರಡನೆಯ ಸ್ಥಾನಗಳ ಗುಣಲಬ್ಧ ಕಳೆಯಿರಿ, ಅದು ಉತ್ತರದ ಮೊದಲ ಸ್ಥಾನ. ಓರೆಯಾಗಿ ಗುಣಿಸಿ ಕೂಡಿದ್ದು ಎರಡನೆಯದು. ಈಗ (0, 1)ನ್ನು ಅದರಿಂದಲೇ ಗುಣಿಸಿದರೆ (−1, 0). ಆ ಲೋಕದಲ್ಲಿ −1 ಎಂದರೆ ಇದೇ. ಮೂಲ ಸಿಕ್ಕಿತು, ನಿಗೂಢವೇನೂ ಉಳಿಯಲಿಲ್ಲ. ಆಧುನಿಕ ಗಣಿತದ ಅಮೂರ್ತತೆ ಎಂದರೆ ನನಗೆ ಇದೇ: ವಸ್ತುವಿನ ಸ್ವರೂಪವನ್ನು ಬದಿಗಿಟ್ಟು ಅದು ಪಾಲಿಸುವ ನಿಯಮಗಳನ್ನು ಹಿಡಿಯುವುದು.

ಮೂಡಣಕ್ಕೆ ಮುಖ ಮಾಡಿ ನಿಂತವರು ಎರಡು ಸಲ ಎಡಕ್ಕೆ ಹೊರಳಿದರೆ ಪಡುವಣ. −1ರಿಂದ ಗುಣಿಸುವುದು ಹಿಂದಕ್ಕೆ ತಿರುಗಿದಂತೆ. ಅದರ ಮೂಲದಿಂದ ಗುಣಿಸುವುದು ಒಂದೇ ಹೊರಳು. ಹಾಗಾಗಿ ಸುತ್ತುವ, ತೂಗುವ ಎಲ್ಲದರ ಲೆಕ್ಕಕ್ಕೂ ಈ ಸಂಖ್ಯೆ ಒದಗುತ್ತದೆ. ಮ್ಹೈಸಾಳ ಏತ ನೀರಾವರಿಯಲ್ಲಿ ಕೃಷ್ಣೆಯ ನೀರನ್ನು ಬರಪೀಡಿತ ಜತ್ತದ ಕಡೆಗೆ ಎತ್ತುವ ಪಂಪುಗಳ ಎಸಿ ಕರೆಂಟನ್ನು ಎಂಜಿನಿಯರುಗಳು ಲೆಕ್ಕ ಹಾಕುವುದೂ ಇದರಿಂದಲೇ.

−1ಕ್ಕೆ ಮೂಲ ಸಿಗಲು ಜೋಡಿಗಳೇ ಬೇಕೆಂದೂ ಇಲ್ಲ. 0ಯಿಂದ 4ರವರೆಗಿನ ಸಂಖ್ಯೆಗಳನ್ನಷ್ಟೇ ಇಟ್ಟುಕೊಂಡು, ಉತ್ತರವನ್ನು 5ರಿಂದ ಭಾಗಿಸಿ ಉಳಿದದ್ದನ್ನು ಮಾತ್ರ ಬರೆಯಿರಿ. 4ಕ್ಕೆ 1 ಕೂಡಿದರೆ 0. ಅಂದರೆ 4 ಇಲ್ಲಿ −1. 2×2=4, ಹಾಗಾಗಿ −1ರ ವರ್ಗಮೂಲ 2. 7ರ ಶೇಷಗಳಲ್ಲಿ ಹುಡುಕಿದರೆ ಅದು ಸಿಗದು, 13ರಲ್ಲಿ ಸಿಗುತ್ತದೆ. 4ರಿಂದ ಭಾಗಿಸಿದಾಗ 1 ಉಳಿಯುವ ಅವಿಭಾಜ್ಯ ಸಂಖ್ಯೆಗಳಿಗೆಲ್ಲ ಇದು ಸಿಕ್ಕೇ ಸಿಗುತ್ತದೆ.