ಎಚ್‌ಐವಿ ಸೋಂಕು ಮತ್ತು ಗರ್ಭಕಂಠದ ಕ್ಯಾನ್ಸರ್

ಗರ್ಭಕಂಠದ ಕ್ಯಾನ್ಸರ್‌ಗೆ ಬಹುತೇಕ ಎಚ್‌ಪಿವಿ ಎಂಬ ವೈರಾಣುವೇ ಕಾರಣ. ಸಾಮಾನ್ಯವಾಗಿ ದೇಹವು ಅದನ್ನು ಒಂದೆರಡು ವರ್ಷಗಳಲ್ಲಿ ತಾನೇ ನಿವಾರಿಸಿಕೊಳ್ಳುತ್ತದೆ. ಎಚ್‌ಐವಿ ಸೋಂಕಿನಿಂದ ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಅದು ನೆಲೆಯೂರಿ ಕ್ಯಾನ್ಸರ್‌ಗೆ ಎಡೆಮಾಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಎಚ್‌ಐವಿ ಸೋಂಕಿತ ಮಹಿಳೆಯರಿಗೆ ಈ ಅಪಾಯ 6 ಪಟ್ಟು ಅಧಿಕ. ಆದುದರಿಂದ ಇತರರಿಗೆ 30ನೇ ವಯಸ್ಸಿನಿಂದ ಸೂಚಿಸಿರುವ ತಪಾಸಣೆಯನ್ನು ಸಂಸ್ಥೆಯು ಇವರಿಗೆ 25ರಿಂದಲೇ, 3ರಿಂದ 5 ವರ್ಷಗಳಿಗೊಮ್ಮೆ ಸೂಚಿಸಿದೆ. ಎ.ಆರ್.ಟಿ. ಔಷಧ ಸೇವಿಸುತ್ತಿದ್ದರೂ ತಪಾಸಣೆ ಅಗತ್ಯ.

ಸೋಂಕಿತರ ಹೆಸರು ಕೇಳುವುದಾಗಲಿ, ಪಟ್ಟಿ ಮಾಡುವುದಾಗಲಿ ಸಲ್ಲದು. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯು ಗೋಪ್ಯತೆಯನ್ನು ಕಡ್ಡಾಯಗೊಳಿಸಿದೆ. ಹೆಸರು ಬಯಲಾಗುವ ಭಯವಿದ್ದಲ್ಲಿ ಯಾರೂ ತಪಾಸಣೆಗೆ ಬಾರರು. ಮಾನ್ಯ ಸದಸ್ಯರು ಈ ವಯೋಮಿತಿಗಳನ್ನು ಗ್ರಾಮಸಭೆಯಲ್ಲಿ ಸಮಸ್ತ ಮಹಿಳೆಯರಿಗೂ ಒಂದೇ ರೀತಿ ತಿಳಿಸಬೇಕೆಂದು ಕೋರಿಕೆ. ಉಳಿದುದು ಅವರ ಹಾಗೂ ವೈದ್ಯರ ನಡುವಿನ ವಿಷಯ.

– ಪಂಚಾಯತ್ ಅಭಿವೃದ್ಧಿ ಅಧಿಕಾರಿ